ಗಣಕಜಾಲದ ದ್ವಾರಪಾಲಕ

ಬಂದವನ ಗುರುತನ್ನು ವಿಚಾರಿಸಿ ಜಾಲದೊಳಕ್ಕೆ ಬಿಡುವ ಪದ್ಧತಿಯು ಜಾಲದಷ್ಟು ಹಳೆಯದಲ್ಲ. 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಅರ್ಪಾನೆಟ್ಟಿನಲ್ಲಿ ಬಹುಕಾಲ ಆ ಭಾರವು ಆಯಾ ಗಣಕದ ಮೇಲೆಯೇ ಇದ್ದಿತು, ದಾರಿಗೆ ಕಾವಲಿರಲಿಲ್ಲ. ಮುಂದೆ ಹುಟ್ಟಿದ ಕಾವಲುಗಳಲ್ಲಿ 2002ರ ಓಪನ್‌ಬಿಎಸ್‌ಡಿ 3.1ರೊಡನೆ ಬಂದ ‘ಆತ್‌ಪಿಎಫ್’ ವಿಚಾರಾರ್ಹವಾದುದು. ಹೆಸರು ಕರ್ಕಶ, ಕಾರ್ಯ ಸರಳ. ಬಳಕೆದಾರನು ಎಸ್‌ಎಸ್‌ಎಚ್ ಮೂಲಕ ದ್ವಾರದಲ್ಲಿರುವ ಗಣಕಕ್ಕೆ ತನ್ನ ಗುರುತನ್ನು ಸಿದ್ಧಪಡಿಸಿದೊಡನೆ ಅವನ ಐಪಿ ವಿಳಾಸಕ್ಕೆ ದಾರಿ ತೆರೆಯುವುದು. ಆ ಸಂಪರ್ಕವು ಕಡಿದೊಡನೆ ಮುಚ್ಚುವುದು. ಬಂದುಹೋದ ಹೊತ್ತೂ ದಾಖಲೆಯಾಗುವುದು.

ಆದರೆ ಇಲ್ಲೊಂದು ಸೂಕ್ಷ್ಮವುಂಟು. ಪರೀಕ್ಷೆಗೊಳಗಾಗುವವನು ಮನುಷ್ಯ, ಅಪ್ಪಣೆ ದೊರೆಯುವುದು ವಿಳಾಸಕ್ಕೆ. ಒಂದೇ ವಿಳಾಸದ ಮರೆಯಲ್ಲಿ ಹತ್ತು ಮಂದಿಯಿದ್ದರೆ ಒಬ್ಬನು ಪಡೆದ ಅಪ್ಪಣೆಯಿಂದ ಎಲ್ಲರೂ ಒಳಸೇರಬಹುದು. ವಿಳಾಸವನ್ನು ನಟಿಸಿ ನುಗ್ಗುವವರ ಭಯವನ್ನು ಆತ್‌ಪಿಎಫ್‌ನ ಕೈಪಿಡಿಯೇ ಮರೆಮಾಚದೆ ಒಪ್ಪಿಕೊಂಡಿದೆ.