ನೆಗೆಟಿವ್‌ನ ಜೀರ್ಣೋದ್ಧಾರ ಮತ್ತು ಪಾಠಶುದ್ಧಿ

ಹಸ್ತಪ್ರತಿಯ ಛಾಯಾಚಿತ್ರವನ್ನು ಮೂಲದ ನಿರ್ದುಷ್ಟ ಪ್ರತಿಬಿಂಬವೆಂದು ಭಾವಿಸುವುದು ವಾಡಿಕೆ. ಆದರೆ ಫಿಲ್ಮಿನಲ್ಲಿ ತೆಗೆದ ಚಿತ್ರಗಳಲ್ಲಿ ಓಲೆಗೂ ಮುದ್ರಿತ ಚಿತ್ರಕ್ಕೂ ನಡುವೆ ನೆಗೆಟಿವ್ ಎಂಬ ಇನ್ನೊಂದು ಪ್ರತಿಯುಂಟು. ಅದೂ ಜೀರ್ಣವಾಗುತ್ತದೆ, ಅದನ್ನು ತಿದ್ದುವವರೂ ಇದ್ದಾರೆ. ಆದುದರಿಂದ ಆ ತಿದ್ದುಪಡಿಯ ಇತಿಹಾಸವನ್ನು ಗ್ರಂಥಸಂಪಾದಕನು ಅರಿತಿರುವುದು ಅವಶ್ಯಕ.

1841ರಲ್ಲಿ ಇಂಗ್ಲೆಂಡಿನ ಟಾಲ್ಬಟ್ ಪೇಟೆಂಟ್ ಪಡೆದ ವಿಧಾನದಲ್ಲಿ ನೆಗೆಟಿವ್ ಕಾಗದದ್ದಾಗಿತ್ತು. 1851ರಲ್ಲಿ ಆರ್ಚರ್ ಕೊಲೋಡಿಯನ್ ಲೇಪಿತ ಗಾಜಿನ ಫಲಕವನ್ನೂ, 1871ರಲ್ಲಿ ಮ್ಯಾಡಕ್ಸ್ ಜೆಲಟಿನ್ ಲೇಪವನ್ನೂ ಬಳಕೆಗೆ ಸೂಚಿಸಿದರು. 1889ರಲ್ಲಿ ಈಸ್ಟ್‌ಮನ್ನನ ನೈಟ್ರೇಟ್ ಫಿಲ್ಮ್ ಬಂದಿತು. ಅದು ಸುಲಭವಾಗಿ ಉರಿಯುವಂಥದ್ದಾದುದರಿಂದ ಅಸಿಟೇಟ್ ಆ ಸ್ಥಾನವನ್ನು ಪಡೆಯಿತು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಮ್ಯೂನಿಕ್ಕಿನ ಹಾನ್ಫ್‌ಸ್ಟೆಂಗ್ಲ್ ಒಂದೇ ಭಾವಚಿತ್ರದ ತಿದ್ದಿದ ಹಾಗೂ ತಿದ್ದದ ಪ್ರತಿಗಳನ್ನು ಜೊತೆಯಾಗಿ ಇಟ್ಟಿದ್ದು ಪ್ರಸಿದ್ಧವಾಗಿದೆ. ಮುಖದ ಸುಕ್ಕನ್ನು ಅಳಿಸಲು ಬೆಳೆದ ಈ ಕಲೆಯೇ ಮುಂದೆ ಶಾಸ್ತ್ರಗ್ರಂಥಗಳ ನೆಗೆಟಿವಿಗೂ ಒದಗಿತು.

ನೆಗೆಟಿವಿನ ದೋಷಗಳು ಮುದ್ರಣದಲ್ಲಿ ವಿಪರೀತವಾಗಿ ತೋರುತ್ತವೆ. ಲೇಪವು ಕಿತ್ತುಹೋದೆಡೆ ಬೆಳಕು ತಡೆಯಿಲ್ಲದೆ ಹಾಯ್ದು ಕಪ್ಪು ಗೆರೆ ಮೂಡುತ್ತದೆ. ಮೇಲೆ ಕುಳಿತ ಧೂಳು ಬೆಳಕನ್ನು ತಡೆದು ಬಿಳಿಯ ಚುಕ್ಕೆಯಾಗುತ್ತದೆ. ಹಿಂಬದಿಯ ಗೀರು ಬೆಳಕನ್ನು ಚದರಿಸುವುದರಿಂದ ಸಾಮಾನ್ಯವಾಗಿ ಬಿಳಿಗೆರೆಯಾಗುವುದು. ಗ್ಲಿಸರಿನ್ ತೆಳುವಾಗಿ ಸವರಿದರೆ ಆ ಗೀರು ತುಂಬಿ ಮರೆಯಾಗುತ್ತದೆ. ಇದು ಅಕ್ಷರವನ್ನು ಮುಟ್ಟದ ಚಿಕಿತ್ಸೆ. ಕಿತ್ತುಹೋದ ಲೇಪಕ್ಕೆ ಮಾತ್ರ ಪೆನ್ಸಿಲಿನಿಂದಲೋ ಬಣ್ಣದಿಂದಲೋ ಸಾಂದ್ರತೆ ತುಂಬಬೇಕಾಗುತ್ತದೆ. ಬೂಷ್ಟು ಹಿಡಿದ ಜೆಲಟಿನ್ ನೀರಿನಲ್ಲಿ ಕರಗುವ ಸಂಭವವಿರುವುದರಿಂದ ಅಂಥದನ್ನು ತೊಳೆಯಲಾಗದು.

ಪಂಡಿತರು ಜಾಗರೂಕರಾಗಬೇಕಾದುದು ಇಲ್ಲಿಯೇ. ಒಳಗೆ ಒಂದು ಗೀರು ಬಿದ್ದರೆ 'ಪ'ಕಾರವು 'ಷ'ಕಾರವಾಗಿ ತೋರಬಹುದು. ಕನ್ನಡ ಲಿಪಿಯ ಅನೇಕ ಪ್ರಾಕೃತ ಓಲೆಗಳಲ್ಲಿ ವ್ಯಂಜನದ ಹಿಂದಣ ಸೊನ್ನೆಯು ದ್ವಿತ್ವವನ್ನು ಸೂಚಿಸುತ್ತದೆ. 'ಕಂಮ' ಎಂಬುದನ್ನು 'ಕಮ್ಮ' ಎಂದು ಓದಬೇಕು. ಅಂಥ ಸೊನ್ನೆಯನ್ನು ಕಲೆಯೆಂದು ಬಗೆದು ಮುಚ್ಚಿದರೆ ಪಾಠವೇ ಲೋಪವಾಯಿತು.

ಒಂದು ಪದದ ತೂಕವೆಷ್ಟೆಂಬುದು ವಾಚಕರಿಗೆ ಅವಿದಿತವಲ್ಲ. 1939ರಲ್ಲಿ ಡಾ. ಹೀರಾಲಾಲ ಜೈನರು ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದಾಗ, 93ನೆಯ ಸೂತ್ರದಲ್ಲಿ 'ಸಂಜದ' ಪದವು ಇರಬೇಕೆಂಬ ಸೂಚನೆಯು ಸ್ತ್ರೀಮುಕ್ತಿಯ ಪ್ರಶ್ನೆಯನ್ನೇ ಕೆದಕಿತು. ಮೂಡಬಿದಿರೆಯ ತಾಡವೋಲೆಯಲ್ಲಿ ಆ ಪದವಿರುವುದು ಕಂಡುಬಂದಿತು. ನಿರ್ಣಯಕ್ಕೆ ನಿಂತುದು ಮೂಲವೇ ಹೊರತು ಪ್ರತಿಯ ಪ್ರತಿಯಲ್ಲ.

ಆದುದರಿಂದ ನಿಯಮವು ಸ್ಪಷ್ಟ. ಮೊದಲು ತಿದ್ದದ ನೆಗೆಟಿವಿನಿಂದ ಒಂದು ಮುದ್ರಣ ತೆಗೆದಿರಿಸಬೇಕು. ಅಂಚಿನ, ಸಾಲುಗಳ ನಡುವಣ ದೋಷಗಳನ್ನು ಸರಿಪಡಿಸಬಹುದು. ಅಕ್ಷರದ ಮೇಲೆ ಕೈಯಾಡಿಸಲಾಗದು. ಏನನ್ನು ತಿದ್ದಲಾಯಿತೆಂಬುದನ್ನು ಚಿತ್ರದೊಡನೆ ಬರೆದಿಡಬೇಕು. ಲಿಪಿಕಾರನು ಲುಪ್ತಾಕ್ಷರಕ್ಕೆ ಜಾಗ ಬಿಟ್ಟು ಮುಂದೆ ಬರೆಯುತ್ತಿದ್ದನು. ಕತ್ತಲೆಕೋಣೆಯ ಕುಶಲಿಗೂ ಅದೇ ಸಂಯಮ ಬೇಕು. ಕೂಟಲೇಖಕ್ರಿಯೆಯನ್ನು ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಚೆಲುವಿಗಾಗಿ ಅಕ್ಷರವನ್ನು ಕಲ್ಪಿಸುವ ಕುಂಚವೂ ಅದರಿಂದ ದೂರವಲ್ಲ.