ಹಾಡಿನ ಕೊಬ್ಬರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಜನಕ್ಕೆ ಪದಾರ್ಥವನ್ನು ಹಗುರ ಮಾಡಿ ದೂರಕ್ಕೆ ಕಳುಹಿಸುವ ವಿದ್ಯೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು, ಕಾಯಿ ಅಲುಗಿಸಿದರೆ ಲೊಟಲೊಟನೆ ಸದ್ದು ಮಾಡುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು ತೆಗೆದ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಹಿಂದೂಸ್ಥಾನದವರೆಗೂ ಕೆಡದೆ ಪ್ರಯಾಣ ಮಾಡುತ್ತದೆ. ನಾರು, ಚಿಪ್ಪು, ನೀರು ಮೂರೂ ಹೋದವು, ಬೇಕಾದದ್ದು ಉಳಿಯಿತು. ಆದರೆ ಕೊಬ್ಬರಿಯನ್ನು ನೀರಿನಲ್ಲಿ ನೆನೆಹಾಕಿ ಎಳನೀರು ಮಾಡಿದವರನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿಲ್ಲ.

ಹಾಡನ್ನೂ ಹೀಗೆಯೇ ಒಣಗಿಸುವ ವಿದ್ಯೆಯೊಂದು ಈಗ ಮೂರು ದಶಕಗಳಿಂದ ನಮ್ಮೆಲ್ಲರ ಜೇಬಿನಲ್ಲಿದೆ. ಅದರ ಹೆಸರು ಎಂಪಿ3. ಅದರ ಚರಿತ್ರೆಯನ್ನು ಬಲ್ಲವರು ಕಡಮೆ. ಬಲ್ಲದೆ ಬಳಸುವುದರಿಂದ ಆಗುವ ನಷ್ಟ ಮಾತ್ರ ಎಲ್ಲರದು.

ಹಾಡನ್ನು ಕಿರಿದುಗೊಳಿಸುವ ಕೆಲಸ ಗಣಕಯಂತ್ರದಿಂದ ಮೊದಲಾದದ್ದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿನ ತುತ್ತೂರಿಯ ಮುಂದೆ ನಿಂತು ಹಾಡಿದಾಗ, ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಆ ಮಹಾಗಾಯಕಿ ಮೂರು ನಿಮಿಷಕ್ಕೆ ಅಡಕ ಮಾಡಿದಳು. ಆಕೆಯ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಮುಂದೆ ನಮ್ಮ ನಾಟಕದ ಹಾಡುಗಳೂ ತಟ್ಟೆಗೆ ಬಂದುವು. ಅವುಗಳಿಗೂ ಅದೇ ಮೂರು ನಿಮಿಷದ ಕಟ್ಟಳೆ. ಆದರೆ ಆಗ ಏನನ್ನು ಬಿಡಬೇಕೆಂದು ತೀರ್ಮಾನಿಸುತ್ತಿದ್ದವರು ಹಾಡುವವರೇ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

1963ರಲ್ಲಿ ಫಿಲಿಪ್ಸ್ ಸಂಸ್ಥೆ ಕ್ಯಾಸೆಟ್ಟನ್ನು ಹೊರತಂದ ಮೇಲೆ ಕಾಲದ ಇಕ್ಕಟ್ಟು ಕಳೆಯಿತು. ಹಳ್ಳಿಯ ಮನೆಗೂ ಟೇಪ್ ರೆಕಾರ್ಡರ್ ಬಂದಿತು. ಮದುವೆಯ ಸೋಬಾನೆ, ಭಜನೆಯ ಮನೆಯ ತತ್ತ್ವಪದ, ಸೋಮನ ಕುಣಿತದ ಅರೆಯ ಬಡಿತ, ಎಲ್ಲವನ್ನೂ ಗುಂಡಿ ಒತ್ತಿ ಹಿಡಿದಿಟ್ಟರು. ಯಾವ ಕಂಪೆನಿಯೂ ಮುದ್ರಿಸದ, ಯಾವ ಆಕಾಶವಾಣಿಯೂ ಬಿತ್ತರಿಸದ ಕಂಠಗಳು ಅವು.

1982ರಲ್ಲಿ ಬಂದ ಸಿ.ಡಿ. ತಟ್ಟೆ ಧ್ವನಿಯನ್ನು ಅಂಕಿಯಾಗಿ ಬರೆಯಿತು. ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಡಕಿವಿಗೊಂದು ಬಲಕಿವಿಗೊಂದರಂತೆ ಬರೆದರೆ, ಸೆಕೆಂಡಿಗೆ ಹದಿನಾಲ್ಕು ಲಕ್ಷ ಬಿಟ್‌ಗಳಿಗೂ ಹೆಚ್ಚಾಗುತ್ತದೆ. ಒಂದು ಗಂಟೆಯ ಕ್ಯಾಸೆಟ್ಟು ಈ ಲೆಕ್ಕದಲ್ಲಿ 635 ಮೆಗಾಬೈಟ್. 1990ರ ದಶಕದ ನಡುವೆ ಸೆಕೆಂಡಿಗೆ 28,800 ಬಿಟ್ ಸಾಗಿಸುತ್ತಿದ್ದ ದೂರವಾಣಿಯ ಮೋಡೆಮ್‌ನಲ್ಲಿ ಇದನ್ನು ಕಳುಹಿಸಲು 49 ಗಂಟೆ ಬೇಕು. ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸಿದರೆ ನಾಲ್ಕೂವರೆ ಗಂಟೆ ಸಾಕು. ಒಣಗಿಸುವ ಅಗತ್ಯ ಹುಟ್ಟಿದ್ದು ಇಲ್ಲಿ.

ದೂರವಾಣಿಯ ತಂತಿಯಲ್ಲಿ ಸಂಗೀತ ಕಳುಹಿಸಬೇಕೆಂಬ ಹಂಬಲ ಜರ್ಮನಿಯ ಎರ್ಲಾಂಗೆನ್ನಿನ ಪ್ರಾಧ್ಯಾಪಕ ಡೀಟರ್ ಸೈಟ್ಸರ್ ಅವರಿಗೆ 1970ರ ದಶಕದಲ್ಲಿಯೇ ಇತ್ತು. ಅವರ ಶಿಷ್ಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಆ ಕೆಲಸ ಹಿಡಿದರು. ಅವರ ಉಪಾಯ ನಿಂತದ್ದು ಕಿವಿಯ ದೌರ್ಬಲ್ಯದ ಮೇಲೆ. ಜಾತ್ರೆಯಲ್ಲಿ ತಮಟೆ ಬಡಿಯುವಾಗ ಪಕ್ಕದವನ ಪಿಸುಮಾತು ಕೇಳುವುದಿಲ್ಲವಲ್ಲ; ದೊಡ್ಡ ಸದ್ದು ತನ್ನ ನೆರೆಯ ಸಣ್ಣ ಸದ್ದನ್ನು ಮರೆಮಾಡುತ್ತದೆ. ಹಾಗೆ ಮರೆಯಾದದ್ದನ್ನು ಬರೆದಿಡುವುದೇಕೆ? ಬಿಟ್ಟುಬಿಡಿ ಎಂಬುದೇ ಎಂಪಿ3ಯ ಮೂಲಮಂತ್ರ.

ಈ ವಿದ್ಯೆಯನ್ನು ಒರೆಗೆ ಹಚ್ಚಲು ಬ್ರಾಂಡೆನ್‌ಬುರ್ಗ್ ಆರಿಸಿಕೊಂಡವುಗಳಲ್ಲಿ ಅಮೆರಿಕದ ಸುಜಾನ್ ವೇಗಾ ಎಂಬಾಕೆ ಪಕ್ಕವಾದ್ಯವಿಲ್ಲದೆ ಹಾಡಿದ ಹಾಡೊಂದಿತ್ತು. ಮೊದಲ ಯತ್ನದಲ್ಲಿ ಆ ಕಂಠ ಕೇಳಲಾರದಷ್ಟು ಕೆಟ್ಟುಹೋಯಿತು. ಕಾರಣ ಸ್ಪಷ್ಟ. ವಾದ್ಯಗಳ ಗದ್ದಲದಲ್ಲಿ ತಪ್ಪನ್ನು ಬಚ್ಚಿಡಬಹುದು. ಒಂಟಿ ಕಂಠದಲ್ಲಿ ಬಚ್ಚಿಡಲು ಜಾಗವಿಲ್ಲ. ಅದನ್ನು ಸರಿಪಡಿಸುತ್ತ ಸರಿಪಡಿಸುತ್ತ ವಿದ್ಯೆ ಪಳಗಿತು. 1990ರ ದಶಕದ ಮೊದಲಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. 1995ರಲ್ಲಿ ಕಡತಗಳಿಗೆ ‘ಎಂಪಿ3’ ಎಂಬ ಬಾಲನಾಮ ಬಂದಿತು.

ಆದರೆ ಮಾನಕವು ಒಣಗಿದ ಕಡತವನ್ನು ಓದುವ ಬಗೆಯನ್ನು ಕಟ್ಟುನಿಟ್ಟಾಗಿ ಹೇಳಿ, ಒಣಗಿಸುವ ಜಾಣ್ಮೆಯನ್ನು ಕುಶಲಿಗಳಿಗೆ ಬಿಟ್ಟಿತು. 1998ರಲ್ಲಿ ಮೈಕ್ ಚೆಂಗ್ ಎಂಬವರು ಆಗಲೇ ಇದ್ದ ತಂತ್ರಾಂಶಕ್ಕೆ ತೇಪೆ ಹಾಕುವುದರಿಂದ ಆರಂಭಿಸಿ ‘ಲೇಮ್’ ಎಂಬುದನ್ನು ಕಟ್ಟಿದರು. ಲೇಮ್ ಎಂದರೆ ಕುಂಟ. ‘ಲೇಮ್ ಎಂಬುದು ಎಂಪಿ3 ಮಾಡುವ ಯಂತ್ರವಲ್ಲ’ ಎಂಬುದು ಆ ಹೆಸರಿನ ವಿಸ್ತಾರ! ಮಾರ್ಕ್ ಟೇಲರ್ ಮೊದಲಾದವರ ಕೈಯಲ್ಲಿ ಈ ಕುಂಟ ಎಲ್ಲರನ್ನೂ ಮೀರಿಸಿ ಓಡಿದ.

ಲೇಮ್‌ಗೆ ಗುಂಡಿಗಳಿಲ್ಲ, ಬಣ್ಣದ ಚಿತ್ರಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಬರೆಯಬೇಕು. ಅಡ್ಡಗೆರೆಯೊಂದು, ಅಕ್ಷರವೊಂದು, ಅಂಕಿಯೊಂದು. ‘-ಬಿ 128’ ಎಂದರೆ ಸೆಕೆಂಡಿಗೆ 128 ಸಾವಿರ ಬಿಟ್ ಮಾತ್ರ ಕೊಡು, ಹಾಡು ಎಂಥದೇ ಇರಲಿ ಎಂದರ್ಥ. ರೇಷನ್ ಅಂಗಡಿಯ ಲೆಕ್ಕ. ದೊಡ್ಡಕ್ಷರದ ‘-ವಿ’ ಮುಂದೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಹಾಕಿದರೆ ಹಸಿದವನಿಗೆ ಹೆಚ್ಚು, ತುಂಬಿದವನಿಗೆ ಕಡಮೆ ಬಡಿಸುವ ಮನೆಯೂಟದ ಕ್ರಮ. ಸೊನ್ನೆ ಉತ್ತಮ, ಒಂಬತ್ತು ಅಧಮ. ‘-ವಿ 2’ ಸರಾಸರಿ 190 ಸಾವಿರದ ಆಸುಪಾಸು ಬರುತ್ತದೆ. ‘-ಎಂ ಎಂ’ ಎಂದರೆ ಎರಡು ವಾಹಿನಿಗಳನ್ನು ಒಂದಾಗಿಸು. ಒಂದೇ ಮೈಕಿನಲ್ಲಿ ಹಿಡಿದ ಹಾಡಿಗೆ ಇದು ನ್ಯಾಯವೇ. ‘--ಲೋಪಾಸ್’ ಎಂಬುದು ಇಂತಿಷ್ಟಕ್ಕಿಂತ ಮೇಲಿನ ಕಂಪನಗಳನ್ನು ಕತ್ತರಿಸಿ ಎಸೆಯುವ ಆಜ್ಞೆ. ಗೌಹರ್ ಜಾನ್ ತಾನೇ ಮಾಡಿದ ತೀರ್ಮಾನವನ್ನು ಈಗ ಹಾಡದವನೊಬ್ಬನ ಬೆರಳು ಮಾಡುತ್ತದೆ.

ಇದರ ಫಲ ನನ್ನ ಕಿವಿಗೇ ಬಿದ್ದಿದೆ. ತುರುವೇಕೆರೆಯ ಕಡೆ ಹಳ್ಳಿಯಲ್ಲಿದ್ದ ನನ್ನ ಸೋದರತ್ತೆ ರಾಗಿ ಬೀಸುತ್ತ ಹಾಡಿದ ಪದಗಳ ಕ್ಯಾಸೆಟ್ಟೊಂದು ನನ್ನಲ್ಲಿದೆ. ಪಕ್ಕವಾದ್ಯವೆಂದರೆ ಬೀಸುವ ಕಲ್ಲಿನ ಗುರುಗುರು, ನಡುನಡುವೆ ಬಳೆಯ ಸದ್ದು. ಅದನ್ನು ಒಂದು ಅಂಗಡಿಯಲ್ಲಿ ಎಂಪಿ3 ಮಾಡಿಸಿದೆ. ಜಾಗ ಉಳಿಯಲೆಂದು ಆತ ಇಟ್ಟ ಅಂಕಿ 32. ಕಲ್ಲಿನ ಗುರುಗುರು ಹಾಗೇ ಇತ್ತು, ಬಳೆ ಹೋಗಿತ್ತು. ಸಕಾರ ಶಕಾರಗಳು ಮಸಕಾಗಿ, ಅತ್ತೆ ಬಾವಿಯೊಳಗಿಂದ ಹಾಡಿದಂತಿತ್ತು. “ಬೇಕಾದರೆ 320ಕ್ಕೆ ಏರಿಸಿಕೊಡುತ್ತೇನೆ ಸ್ವಾಮಿ” ಎಂದ. ಕೊಬ್ಬರಿಯನ್ನು ನೀರಿಗೆ ಹಾಕುವ ಮಾತು ಇದೇ. ಕಡತ ಹತ್ತರಷ್ಟು ದಪ್ಪವಾದೀತು, ಬಳೆ ಮರಳದು. ಒಣಗಿದ್ದನ್ನು ಮತ್ತೆ ಒಣಗಿಸಿದಷ್ಟೂ ನಷ್ಟದ ಮೇಲೆ ನಷ್ಟ.

ಇದಕ್ಕೆ ಪರಿಹಾರ 2001ರಿಂದಲೂ ಇದೆ. ಜಾಶ್ ಕೋಲ್ಸನ್ ರಚಿಸಿದ ‘ಫ್ಲಾಕ್’ ಹಾಡನ್ನು ಸುಮಾರು ಅರ್ಧಕ್ಕೆ ಇಳಿಸಿದರೂ ಒಂದು ಬಿಟ್ಟನ್ನೂ ಎಸೆಯುವುದಿಲ್ಲ. ಅದರಲ್ಲಿಯೂ ಸೊನ್ನೆಯಿಂದ ಎಂಟರವರೆಗೆ ಅಂಕಿಗಳುಂಟು. ಆದರೆ ಯಾವುದನ್ನು ಹಾಕಿದರೂ ಬದಲಾಗುವುದು ಹಿಡಿಯುವ ಹೊತ್ತು ಮತ್ತು ಗಾತ್ರ, ಧ್ವನಿಯಲ್ಲ. ಬಿಚ್ಚಿದರೆ ಇಟ್ಟದ್ದು ಇಟ್ಟಂತೆಯೇ ಸಿಕ್ಕುತ್ತದೆ.

ಎಂಪಿ3ಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದಿಲ್ಲದಿದ್ದರೆ ಎಷ್ಟೋ ಹಾಡು ಊರು ದಾಟುತ್ತಿರಲಿಲ್ಲ. 2017ರಲ್ಲಿ ಅದರ ಪೇಟೆಂಟಿನ ಪರವಾನಗಿ ವ್ಯವಹಾರವೂ ಮುಗಿದು, ಅದು ಎಲ್ಲರ ಸ್ವತ್ತಾಯಿತು. ಮಾರುಕಟ್ಟೆಗೆ ಕೊಬ್ಬರಿ ಹೋಗಲಿ. ಆದರೆ ನಮ್ಮ ರೈತ ಬಿತ್ತನೆಯ ಕಾಯನ್ನು ಅಟ್ಟದಲ್ಲಿ ಒಣಗಿಸುವುದಿಲ್ಲ; ನೀರು ತುಂಬಿದ ಇಡೀ ಕಾಯನ್ನೇ ಆರಿಸಿ ಎತ್ತಿಡುತ್ತಾನೆ, ಸಸಿ ಏಳುವುದು ಅದರಿಂದಲೇ ಎಂದು ಬಲ್ಲವನಾದ್ದರಿಂದ. ಕ್ಯಾಸೆಟ್ಟಿನ ನಾಡ ವರ್ಷ ವರ್ಷಕ್ಕೂ ಸವೆಯುತ್ತಿದೆ, ನುಡಿಸುವ ಯಂತ್ರಗಳು ಗುಜರಿ ಸೇರುತ್ತಿವೆ. ಈಗ ಇಳಿಸಿಕೊಳ್ಳುವ ಪ್ರತಿಯೇ ಎಷ್ಟೋ ಕಂಠಗಳಿಗೆ ಕೊನೆಯ ಪ್ರತಿ. ಮೊದಲು ಫ್ಲಾಕ್‌ನಲ್ಲಿ ಇಡಿಯಾಗಿ ಇಳಿಸಿ ಎರಡು ಕಡೆ ಜೋಪಾನ ಮಾಡಿ, ಹಂಚುವುದಕ್ಕೆ ಬೇಕಾದ ಎಂಪಿ3ಯನ್ನು ಆಮೇಲೆ ಅದರಿಂದ ಮಾಡಿಕೊಳ್ಳಬಹುದು. ಅತ್ತೆಯ ಕ್ಯಾಸೆಟ್ಟನ್ನು ಈಚೆಗೆ ಹಾಗೆ ಇಳಿಸಿದ್ದೇನೆ. ಬಳೆ ಕೇಳುತ್ತದೆ.