ರೈಲಿಲ್ಲದ ಊರಿನ ರೈಲು ಪ್ರಯಾಣಿಕರು

ಸುಂಟಿಕೊಪ್ಪದ ನಮಗೆ ರೈಲು ಪ್ರಯಾಣ ಬಸ್ಸಿನಲ್ಲೇ ಶುರುವಾಗುತ್ತದೆ. ಕೊಡಗಿನಲ್ಲಿ ಇಂದಿಗೂ ಒಂದು ರೈಲು ನಿಲ್ದಾಣವಿಲ್ಲ. ಮೈಸೂರಿಗೆ ಬೆಂಗಳೂರಿನಿಂದ ಹಳಿ ಬಂದದ್ದು 1882ರಲ್ಲಿ, ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ನಡುವಿನ ನಮ್ಮ ಕಾಫಿ ಎತ್ತಿನ ಗಾಡಿಯಲ್ಲೇ ಘಟ್ಟವಿಳಿಯಿತು.

1979ರಲ್ಲಿ ಹಾಸನ-ಮಂಗಳೂರು ಮಾರ್ಗ ಪೂರ್ಣಗೊಂಡಾಗ ಸುಬ್ರಹ್ಮಣ್ಯ ರೋಡ್ ನಿಲ್ದಾಣ ನಮಗೂ ಆಸರೆಯಾಯಿತು. 1996ರಲ್ಲಿ ಗೇಜ್ ಪರಿವರ್ತನೆಗೆಂದು ಘಟ್ಟದ ರೈಲು ನಿಂತಿತು. ಗೂಡ್ಸಿಗೆ 2006ರಲ್ಲಿ ದಾರಿ ತೆರೆಯಿತು. ಮನುಷ್ಯರು ಮಾತ್ರ 2007ರ ಡಿಸೆಂಬರಿನ ತನಕ ಕಾಯಬೇಕಾಯಿತು! ಹನ್ನೊಂದು ವರ್ಷ ಮಂಗಳೂರಿನ ಆಸ್ಪತ್ರೆಗೂ ನೆಂಟರ ಮನೆಗೂ ನಮಗೆ ಬಸ್ಸೇ ಗತಿ.

ಮೈಸೂರು-ಕುಶಾಲನಗರ ನಡುವಿನ ಸುಮಾರು 87 ಕಿಲೋಮೀಟರ್ ಮಾರ್ಗದ ಮಾತು ಹಳೆಯದು. ಕಾಡಿನ ಬಗೆಗಿನ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮೈಸೂರಿನಲ್ಲಿ ರಾತ್ರಿ ಇಳಿದವರಿಗೆ ಸುಂಟಿಕೊಪ್ಪದ ಬಸ್ಸು ಸಿಗುವಂತೆ ವೇಳಾಪಟ್ಟಿ ಹೊಂದಿಸಲು ಯಾವ ಮರವನ್ನೂ ಕಡಿಯಬೇಕಿಲ್ಲ.